ಸ್ಟಾಫ್ ರೂಮ್ ಪ್ರಶ್ನೋತ್ತರ: ಎಚ್.ಎಂ. ಕೈಯಲ್ಲಿ ಏನಿದೆ?

ಶಿಕ್ಷಕರು ಕೆಲಸಕ್ಕೆ ಸೇರಿದ ದಿನದಿಂದ ನಿವೃತ್ತಿಯಾಗುವ ತನಕ ಅವರಿಗೆ ಮುಖ್ಯ ಶಿಕ್ಷಕರಿಂದ (ಎಚ್.ಎಂ.) ಏನು ಸಿಗಬೇಕು ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಸಾಗರ, ಹೊಸನಗರ, ತೀರ್ಥಹಳ್ಳಿ, ಸೊರಬ ಕಡೆಯಿಂದಲೇ ಜಾಸ್ತಿ ಪತ್ರಗಳು ಬಂದಿವೆ. ಹೆಸರು ಹಾಕಬೇಡಿ ಎಂದು ಬಹಳ ಜನ ಕೇಳಿಕೊಂಡಿದ್ದಾರೆ, ಹಾಗಾಗಿ ಯಾರ ಹೆಸರನ್ನೂ ಹಾಕಿಲ್ಲ. ಮಲೆನಾಡಿನ ಸರ್ಕಾರಿ ಶಾಲೆಗಳಲ್ಲಿ ಪಾಠ ಮಾಡಿ, ಆಮೇಲೆ ಎಚ್.ಎಂ. ಆಗಿ ನಿವೃತ್ತನಾದವನು ನಾನು. ಇಲ್ಲಿ ಹೇಳುವುದೆಲ್ಲ ಆ ಅನುಭವದಿಂದ, ಅದರ ಜೊತೆಗೆ ಓದಿಕೊಂಡ ಒಂದಿಷ್ಟರಿಂದ.

ಪ್ರಶ್ನೆ: ನಮ್ಮ ಶಾಲೆಗೆ ಜೂನ್‌ನಲ್ಲಿ ಹೊಸ ಟೀಚರ್ ಬಂದಿದ್ದಾರೆ. ಗದಗದ ಕಡೆಯವರು, ಚುರುಕು ಇದ್ದಾರೆ. ಆದರೆ ನಲಿ-ಕಲಿ ತರಗತಿ ಹಿಡಿತಕ್ಕೆ ಬರುತ್ತಿಲ್ಲ. ಗಲಾಟೆ ಜಾಸ್ತಿ. ಪೋಷಕರು ಬಂದು ನನ್ನ ಹತ್ತಿರ ದೂರು ಹೇಳುತ್ತಾರೆ. ಮೊನ್ನೆ ಸ್ಟಾಫ್ ರೂಮಿನಲ್ಲಿ ಒಬ್ಬರೇ ಅಳುತ್ತಾ ಕೂತಿದ್ದರು. ಏನು ಹೇಳಿದರೆ ಏನು ಬೇಜಾರಾಗುತ್ತದೋ ಎಂದು ಸುಮ್ಮನಿದ್ದೇನೆ.
— ಮುಖ್ಯ ಶಿಕ್ಷಕರು, ಹೊಸನಗರ ತಾಲ್ಲೂಕು

ಸುಮ್ಮನಿರಬೇಡಿ ಸರ್. ನೀವು ಅವರ ಮನಸ್ಸಿಗೆ ನೋವಾಗಬಾರದು ಎಂದು ಸುಮ್ಮನಿದ್ದೀರಿ, ಅವರು ಅದನ್ನು ‘ಎಚ್.ಎಂ.ಗೆ ನನ್ನ ಮೇಲೆ ಬೇಸರ’ ಎಂದೇ ತಿಳಿದುಕೊಂಡಿರುತ್ತಾರೆ.

ಪಾಠದ ಮಾತು ಆಮೇಲೆ. ಮೊದಲು ಅವರು ಎಲ್ಲಿದ್ದಾರೆ, ಊಟಕ್ಕೆ ಏನು ಮಾಡುತ್ತಾರೆ, ಸಂಜೆ ಬಸ್ ತಪ್ಪಿದರೆ ಏನು ಗತಿ, ಇದನ್ನು ಕೇಳಿ. ಬಯಲುಸೀಮೆಯಿಂದ ಬಂದವರಿಗೆ ನಮ್ಮ ಜುಲೈ ತಿಂಗಳು ಏನು ಅಂತ ಗೊತ್ತಿರುವುದಿಲ್ಲ. ಬಟ್ಟೆ ಒಣಗುವುದಿಲ್ಲ, ಕರೆಂಟು ಇರುವುದಿಲ್ಲ, ಕಾಲಿಗೆ ಉಂಬಳ (ಜಿಗಣೆ), ಹೆಂಚಿನ ಮೇಲೆ ಬೀಳುವ ಮಳೆಯ ಸದ್ದಿಗೆ ಮುಂದಿನ ಸಾಲಿನ ಮಗುವಿಗೂ ಮಾತು ಕೇಳಿಸುವುದಿಲ್ಲ. ಒಂಟಿ ಮನೆಗಳ ಊರಿನಲ್ಲಿ ಬಾಡಿಗೆಗೆ ಒಂದು ರೂಮು ಸಿಗುವುದೇ ಕಷ್ಟ. ಅದರ ಮೇಲೆ ಅವರ ಕನ್ನಡ ಕೇಳಿ ಮಕ್ಕಳು ನಗುತ್ತಾರೆ. ಮಕ್ಕಳಲ್ಲಿ ಕೆಟ್ಟ ಮನಸ್ಸಿಲ್ಲ, ಆದರೆ ದಿನಾ ನಗಿಸಿಕೊಳ್ಳುವವರಿಗೆ ಅದು ಚುಚ್ಚುತ್ತದೆ ಅಲ್ವಾ? ಒಂದು ದಿನ ಪ್ರಾರ್ಥನೆ ಮುಗಿದ ಮೇಲೆ ನೀವೇ ಅವರನ್ನು ಕರೆದು, ಅವರ ಊರಿನ ಮಾತು, ಅಲ್ಲಿನ ಜೋಳದ ಹೊಲ, ರೊಟ್ಟಿ ಊಟ, ಇದನ್ನೆಲ್ಲ ಮಕ್ಕಳಿಗೆ ಹೇಳಿಸಿ.

ಇನ್ನು ನಲಿ-ಕಲಿ. ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಶುರುವಾದ ಈ ಪದ್ಧತಿ ಚೆನ್ನಾಗಿದೆ, ಆದರೆ ಅನುಭವ ಇಲ್ಲದವರಿಗೆ ಸುಲಭವಾದದ್ದಲ್ಲ. ಒಂದೇ ಕೋಣೆಯಲ್ಲಿ ಒಂದರಿಂದ ಮೂರನೇ ತರಗತಿ ತನಕದ ಮಕ್ಕಳು, ಕಲಿಕೆಯ ಏಣಿಯ ಮೇಲೆ ಒಬ್ಬೊಬ್ಬರು ಒಂದೊಂದು ಮೆಟ್ಟಿಲಲ್ಲಿ, ಬೇರೆ ಬೇರೆ ಗುಂಪು, ಬೇರೆ ಬೇರೆ ಕಾರ್ಡು. ಬಿ.ಇಡಿ. ಅಥವಾ ಡಿ.ಇಡಿ.ಯಲ್ಲಿ ಒಂದು ತರಗತಿಗೆ ಒಂದು ಪಾಠ ಮಾಡಿ ಅಭ್ಯಾಸವಾದವರಿಗೆ ಮೊದಲ ತಿಂಗಳು ತಲೆ ತಿರುಗುವುದು ಸಹಜ. ನೀವು ನೋಟ್ ಪುಸ್ತಕ ಹಿಡಿದು ಹಿಂದಿನ ಬೆಂಚಿನಲ್ಲಿ ಕೂತರೆ ಅವರು ಇನ್ನೂ ಗಾಬರಿಯಾಗುತ್ತಾರೆ. ಒಂದು ಗುಂಪಿನ ಜೊತೆ ನೆಲದ ಮೇಲೆ ಕೂತುಬಿಡಿ, ಆ ಗುಂಪು ನಿಮ್ಮದು, ಉಳಿದದ್ದು ಅವರದು. ವಾರ ಕಳೆದ ಮೇಲೆ ಒಂದು ಅವಧಿ ನೀವೇ ತರಗತಿ ನಡೆಸಿ, ಅವರು ನೋಡಲಿ. ನಿಮ್ಮ ತರಗತಿಯಲ್ಲೂ ಗಲಾಟೆಯಾಗುತ್ತದೆ. ಅದನ್ನು ಅವರು ಕಣ್ಣಾರೆ ನೋಡುವುದೇ ದೊಡ್ಡ ಧೈರ್ಯ.

ಆಮೇಲೆ ಮಾತಾಡುವಾಗ ಒಂದೇ ಒಂದು ವಿಷಯ ಹಿಡಿಯಿರಿ. ‘ಮೇಡಂ, ಕಾರ್ಡು ತೆಗೆದುಕೊಳ್ಳಲು ಎಲ್ಲ ಮಕ್ಕಳೂ ಒಟ್ಟಿಗೆ ಏಳುತ್ತಿದ್ದಾರೆ, ಗುಂಪು ಗುಂಪಾಗಿ ಕಳಿಸಿ ನೋಡೋಣವಾ?’ ಇಷ್ಟು ಸಾಕು. ಒಂದೇ ದಿನ ಹತ್ತು ಸಲಹೆ ಕೊಟ್ಟರೆ ಒಂದೂ ತಲೆಗೆ ಹೋಗುವುದಿಲ್ಲ.

ಪೋಷಕರಿಗೆ ನೀವೇ ಉತ್ತರ ಕೊಡಿ. ಹೊಸಬರನ್ನು ಎದುರಿಗೆ ನಿಲ್ಲಿಸಿಕೊಂಡು ವಿಚಾರಣೆ ಮಾಡಬೇಡಿ.

ಇನ್ನೊಂದು ಮಾತು, ಇದು ನಮ್ಮ ಶಾಲೆಗಳಲ್ಲಿ ಪದ್ಧತಿಯೇ ಆಗಿಬಿಟ್ಟಿದೆ. ಹೊಸಬರು, ಕಂಪ್ಯೂಟರ್ ಗೊತ್ತಿದೆ ಎಂದು ಎಸ್‌ಎಟಿಎಸ್ (ಮಕ್ಕಳ ಆನ್‌ಲೈನ್ ದಾಖಲೆ) ಎಂಟ್ರಿ, ಬಿಸಿಯೂಟದ ಲೆಕ್ಕ, ಹಾಲು ಮೊಟ್ಟೆಯ ವಹಿ, ವಿದ್ಯಾರ್ಥಿ ವೇತನದ ಅರ್ಜಿ ಎಲ್ಲವನ್ನೂ ಅವರ ತಲೆಗೆ ಕಟ್ಟುತ್ತೇವೆ. ಮೊದಲ ವರ್ಷ ಇದರಿಂದ ಅವರನ್ನು ದೂರ ಇಡಿ. ಇಂಗ್ಲೆಂಡಿನಲ್ಲಿ 2021ರಿಂದ ಹೊಸ ಶಿಕ್ಷಕರಿಗೆ ಎರಡು ವರ್ಷದ ಬೆಂಬಲ ಕಾರ್ಯಕ್ರಮ ಇದೆ. ಮೊದಲ ವರ್ಷ ಪಾಠದ ಹೊರೆಯಲ್ಲಿ 10%, ಎರಡನೇ ವರ್ಷ 5% ಕಡಿಮೆ ಮಾಡುತ್ತಾರೆ, ಜೊತೆಗೆ ಕಲಿಸಿಕೊಡುವ ಹಿರಿಯರೊಬ್ಬರು ಇರುತ್ತಾರೆ. ನಮ್ಮಲ್ಲಿ ಅವಧಿ ಕಡಿಮೆ ಮಾಡುವಷ್ಟು ಜನ ಇಲ್ಲ. ಕಾಗದದ ಕೆಲಸ ಕಡಿಮೆ ಮಾಡುವುದು ಮಾತ್ರ ನಿಮ್ಮ ಕೈಯಲ್ಲೇ ಇದೆ.

ಅವರ ಸೇವಾ ವಿಷಯವನ್ನೂ ಒಮ್ಮೆ ವಿಚಾರಿಸಿ. ಎಸ್.ಆರ್. (ಸೇವಾ ಪುಸ್ತಕ) ತೆರೆದಿದ್ದಾರಾ, ಕೆಜಿಐಡಿ (ಸರ್ಕಾರಿ ವಿಮೆ) ಆಗಿದೆಯಾ, ಎನ್‌ಪಿಎಸ್ ಪಿಂಚಣಿ ಖಾತೆಯ ಪ್ರಾನ್ ನಂಬರ್ ಬಂದಿದೆಯಾ? ದಾಖಲೆಗಳ ಪರಿಶೀಲನೆ ಮುಗಿದು ಮೊದಲ ಸಂಬಳ ಕೈಗೆ ಬರಲು ತಿಂಗಳುಗಳೇ ಹಿಡಿಯಬಹುದು. ಅಷ್ಟು ದಿನ ದೂರದ ಊರಲ್ಲಿ ಮನೆಯವರ ದುಡ್ಡಿನಲ್ಲಿ ಬದುಕುತ್ತಿರುವವರು ತರಗತಿಯಲ್ಲಿ ನಗುನಗುತ್ತಾ ಇರಬೇಕು ಎಂದರೆ ಹೇಗೆ? ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ನೀವು ಹೋದಾಗ ಅವರ ಫೈಲಿನ ಬಗ್ಗೆಯೂ ಕೇಳಿ ಬನ್ನಿ.

ಪ್ರಶ್ನೆ: 2007ರಲ್ಲಿ ಕೆಲಸಕ್ಕೆ ಸೇರಿದೆ. ಒಂದರಿಂದ ಏಳನೇ ತರಗತಿಗೆ ಎಂದು ನೇಮಕವಾದವಳು, ಈಗ ಒಂದರಿಂದ ಐದಕ್ಕೆ ಮಾತ್ರ ಎನ್ನುತ್ತಾರೆ. ಅದೇ ತರಗತಿ, ಅದೇ ಪಾಠ. ಬೇಜಾರು ಅಂತಲೂ ಅಲ್ಲ, ಖುಷಿಯೂ ಇಲ್ಲ. ಪ್ರತಿಭಾ ಕಾರಂಜಿ, ವಾರ್ಷಿಕೋತ್ಸವ ಮಾಡಿಸುವವರನ್ನು ಮಾತ್ರ ನಮ್ಮ ಎಚ್.ಎಂ. ಸರ್ ಹೊಗಳುತ್ತಾರೆ. ನನ್ನ ತರಗತಿಯಲ್ಲಿ ಎಲ್ಲ ಮಕ್ಕಳೂ ಓದುತ್ತಾರೆ, ಅದನ್ನು ಯಾರೂ ನೋಡಿಲ್ಲ. ಅವರ ಹತ್ತಿರ ನಾನು ಏನು ಕೇಳಲಿ?
— ಶಿಕ್ಷಕಿ, ತೀರ್ಥಹಳ್ಳಿ ತಾಲ್ಲೂಕು

ನಿಮ್ಮ ಪತ್ರವನ್ನು ಎರಡು ಸಲ ಓದಿದೆ ಮೇಡಂ. ಎಲ್ಲ ಮಕ್ಕಳೂ ಓದುವ ತರಗತಿ ಎಂದರೆ ಸಣ್ಣ ಮಾತಲ್ಲ. ಅಡಿಕೆ ಕೊಯ್ಲಿನ ಕಾಲದಲ್ಲಿ ಮಕ್ಕಳು ವಾರಗಟ್ಟಲೆ ಬಾರದಿದ್ದರೂ, ಮಳೆಗಾಲದಲ್ಲಿ ರಜೆಯ ಮೇಲೆ ರಜೆ ಕೊಟ್ಟರೂ ಅದನ್ನು ಸಾಧಿಸಿದ್ದೀರಿ.

ಮೊದಲು ಎಚ್.ಎಂ. ಆದವರಿಗೆ ಹೇಳಬೇಕಾದ್ದು ಹೇಳುತ್ತೇನೆ, ಈ ಪುಟವನ್ನು ಅವರೂ ಓದುತ್ತಾರೆ. ಸ್ವಿಟ್ಜರ್ಲೆಂಡಿನಲ್ಲಿ ಮೈಕೆಲ್ ಹ್ಯೂಬರ್‌ಮನ್ ಎಂಬ ಸಂಶೋಧಕರು 160 ಮಂದಿ ಪ್ರೌಢಶಾಲಾ ಶಿಕ್ಷಕರನ್ನು ಮಾತಾಡಿಸಿ ಅವರ ವೃತ್ತಿ ಬದುಕು ಹೇಗೆ ಸಾಗಿತು ಎಂದು ತಿಳಿದುಕೊಂಡರು. ಮೊದಲ ಮೂರು ವರ್ಷ ಹೇಗೋ ದಡ ಸೇರುವ ಹೋರಾಟ, ಆಮೇಲೆ ಕೆಲಸ ಕೈಗೆ ಕೂರುತ್ತದೆ. ಏಳನೇ ವರ್ಷದಿಂದ ಸುಮಾರು ಹದಿನೆಂಟರ ತನಕದ ಕಾಲದಲ್ಲಿ ದಾರಿ ಕವಲಾಗುತ್ತದೆ. ಕೆಲವರು ಹೊಸದನ್ನು ಮಾಡಿ ನೋಡುತ್ತಾರೆ, ಕೆಲವರಿಗೆ ‘ಜೀವನವಿಡೀ ಇದೇನಾ’ ಎಂಬ ಪ್ರಶ್ನೆ ಹುಟ್ಟುತ್ತದೆ. ನಮ್ಮಲ್ಲಿ ಹೊಸಬರ ಮೇಲೆ ಕಣ್ಣಿಡುತ್ತೇವೆ, ನಿವೃತ್ತಿಯಾಗುವವರಿಗೆ ಶಾಲು ಹೊದಿಸುತ್ತೇವೆ. ನಡುವಿನ ಇಪ್ಪತ್ತು ವರ್ಷ ಅವರು ಹೇಗಿದ್ದಾರೆ ಎಂದು ಯಾರೂ ಕೇಳುವುದಿಲ್ಲ. ತಕರಾರು ಮಾಡದೆ ಕೆಲಸ ಮಾಡುವವರು ಎಂದರೆ ನಾವು ಅವರನ್ನು ಮರೆತೇಬಿಡುತ್ತೇವೆ. ಒಂದು ಶಾಲೆ ನಿಂತಿರುವುದೇ ಅವರ ಮೇಲೆ.

ಈಗ ನೀವು ಏನು ಕೇಳಬೇಕು ಎಂದರೆ, ಸ್ಪಷ್ಟವಾಗಿ ಹೆಸರಿಟ್ಟು ಕೇಳಿ. ‘ಸರ್, ನನಗೆ ಪ್ರೋತ್ಸಾಹ ಕೊಡಿ’ ಎಂದರೆ ಅವರಿಗೆ ಏನು ಮಾಡಬೇಕು ಅಂತ ತಿಳಿಯುವುದಿಲ್ಲ. ‘ಸರ್, ಮುಂದಿನ ಗುರುವಾರ ಎರಡನೇ ಅವಧಿಗೆ ನನ್ನ ತರಗತಿಗೆ ಬಂದು ಮಕ್ಕಳು ಓದುವುದನ್ನು ಕೇಳಿ’ ಎಂದರೆ ಬರುತ್ತಾರೆ. ಕ್ಲಸ್ಟರ್‌ನ (ಸುತ್ತಲಿನ ಶಾಲೆಗಳ ಗುಂಪಿನ) ಸಮಾಲೋಚನಾ ಸಭೆಯಲ್ಲಿ ಓದು ಕಲಿಸುವ ನಿಮ್ಮ ರೀತಿಯನ್ನು ಅರ್ಧ ಗಂಟೆ ಹೇಳಲು ಅವಕಾಶ ಕೇಳಿ, ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಹತ್ತಿರ ಎಚ್.ಎಂ. ಮಾತಾಡಲಿ. ಸಾಧ್ಯವಾದರೆ ಬರುವ ವರ್ಷ ತರಗತಿ ಬದಲಿಸಿಕೊಡಿ ಎಂದು ಈಗಲೇ ಹೇಳಿಡಿ, ಮೇ ತಿಂಗಳಲ್ಲಿ ಹೇಳಿದರೆ ತಡವಾಗುತ್ತದೆ.

ಜಪಾನಿನಲ್ಲಿ ಒಂದು ಒಳ್ಳೆಯ ರೂಢಿ ಇದೆ. ನಾಲ್ಕೈದು ಶಿಕ್ಷಕರು ಸೇರಿ ಒಂದು ಪಾಠವನ್ನು ಒಟ್ಟಿಗೆ ಯೋಚಿಸುತ್ತಾರೆ, ಒಬ್ಬರು ತರಗತಿಯಲ್ಲಿ ಮಾಡುತ್ತಾರೆ, ಉಳಿದವರು ಮಕ್ಕಳನ್ನು ಗಮನಿಸುತ್ತಾರೆ, ಆಮೇಲೆ ಕೂತು ಮಕ್ಕಳಿಗೆ ಎಲ್ಲಿ ತಿಳಿಯಿತು, ಎಲ್ಲಿ ಸಿಕ್ಕಿಹಾಕಿಕೊಂಡರು ಎಂದು ಚರ್ಚಿಸುತ್ತಾರೆ. ಮಾತೆಲ್ಲ ಪಾಠದ ಬಗ್ಗೆ, ಟೀಚರ್ ಬಗ್ಗೆ ಅಲ್ಲ. ಭಾಗಾಕಾರದ ಒಂದು ಪಾಠ ಹಿಡಿದು ನಿಮ್ಮ ಶಾಲೆಯಲ್ಲೂ ಇದನ್ನು ಮಾಡಬಹುದು. ದುಡ್ಡು ಬೇಡ, ಆದೇಶವೂ ಬೇಡ.

ಒಂದರಿಂದ ಏಳರ ವಿಷಯ 2017ರ ವೃಂದ ಮತ್ತು ನೇಮಕಾತಿ ನಿಯಮದಿಂದ ಬಂದದ್ದು, ಅದನ್ನು ಎಚ್.ಎಂ. ಬಿಡಿಸಲಾರರು. ಆದರೆ ‘ನಿಮಗೆ ಅನ್ಯಾಯವಾಗಿದೆ’ ಎಂದು ಬಾಯಿಬಿಟ್ಟು ಹೇಳಬಹುದು. ಹಾಗೆಯೇ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಚಿಂತೆ. 2025ರ ಸೆಪ್ಟೆಂಬರ್ 1ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ನಿವೃತ್ತಿಗೆ 5 ವರ್ಷಕ್ಕಿಂತ ಜಾಸ್ತಿ ಸೇವೆ ಉಳಿದಿರುವ ಶಿಕ್ಷಕರು 2 ವರ್ಷದೊಳಗೆ ಟಿಇಟಿ ಪಾಸಾಗಬೇಕು ಎಂದಿತು. ನಿಮ್ಮ ವಯಸ್ಸಿನವರಿಗೆ ಅವತ್ತಿನಿಂದ ನಿದ್ದೆ ಸರಿಯಾಗಿಲ್ಲ ಎಂದು ನನಗೆ ಗೊತ್ತು. ಎಚ್.ಎಂ. ಒಬ್ಬರು ಶನಿವಾರ ಮಧ್ಯಾಹ್ನ ಒಂದು ಕೋಣೆ ತೆರೆದು, ಸುತ್ತಲಿನ ಶಾಲೆಯವರನ್ನೂ ಕರೆದು ಒಟ್ಟಿಗೆ ಓದಲು ಕೂರಿಸಿದರೆ ಅದರಷ್ಟು ಉಪಕಾರ ಬೇರೆ ಇಲ್ಲ. ಮನಶ್ಶಾಸ್ತ್ರ ಒಬ್ಬರಿಗೆ ಬರುತ್ತದೆ, ಗಣಿತ ಇನ್ನೊಬ್ಬರಿಗೆ.

ಪ್ರಶ್ನೆ: ವರ್ಷಕ್ಕೆ 50 ಗಂಟೆ ತರಬೇತಿ ಆಗಬೇಕು ಎನ್ನುತ್ತಾರೆ. ನಮ್ಮಲ್ಲಿ ದೀಕ್ಷಾದ ಆನ್‌ಲೈನ್ ಕೋರ್ಸ್ ಹಾಕಿಕೊಂಡು ವಿಡಿಯೊ ಓಡಿಸಿ, ಸರ್ಟಿಫಿಕೇಟ್ ತೆಗೆದುಕೊಂಡು ಮುಗಿಸುತ್ತಾರೆ. ಎಚ್.ಎಂ. ಆಗಿ ನಾನೇನು ಮಾಡಲಿ?
— ಸಾಗರ

50 ಗಂಟೆಯ ಮಾತು 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿದೆ. ಶಿಕ್ಷಕರಿಗೆ ಮಾತ್ರ ಅಲ್ಲ, ಶಾಲೆ ನಡೆಸುವವರಿಗೂ ಅಷ್ಟೇ ಗಂಟೆ ಎಂದು ಅದೇ ನೀತಿ ಹೇಳುತ್ತದೆ. ಅಲ್ಲಿಂದಲೇ ಶುರು ಮಾಡಿ. ನೀವು ಯಾವ ಕೋರ್ಸ್ ಮಾಡಿದಿರಿ, ಅದರಲ್ಲಿ ಏನು ಹೊಸದಾಗಿ ತಿಳಿಯಿತು ಎಂದು ನಿಮ್ಮ ಶಿಕ್ಷಕರಿಗೆ ಗೊತ್ತಿದೆಯಾ?

ನ್ಯೂಜಿಲೆಂಡಿನ ವಿವಿಯನ್ ರಾಬಿನ್ಸನ್ ಮತ್ತು ಅವರ ಜೊತೆಯವರು 2008ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರು. ಮುಖ್ಯ ಶಿಕ್ಷಕರು ಮಾಡುವ ಕೆಲಸಗಳಲ್ಲಿ ಮಕ್ಕಳ ಕಲಿಕೆಗೆ ಎಲ್ಲಕ್ಕಿಂತ ಜಾಸ್ತಿ ನೆರವಾಗುವುದು ಯಾವುದು ಎಂಬುದು ಪ್ರಶ್ನೆ. ಗುರಿ ಇಡುವುದು, ಹಣಕಾಸು ಹೊಂದಿಸುವುದು, ಶಿಸ್ತು, ಪಾಠದ ಮೇಲ್ವಿಚಾರಣೆ ಎಲ್ಲವೂ ಪಟ್ಟಿಯಲ್ಲಿದ್ದವು. ಎಲ್ಲಕ್ಕಿಂತ ಮೇಲೆ ಬಂದದ್ದು ಶಿಕ್ಷಕರ ಕಲಿಕೆಗೆ ಒತ್ತಾಸೆಯಾಗಿ ನಿಂತು, ತಾವೂ ಅದರಲ್ಲಿ ಪಾಲುಗೊಳ್ಳುವುದು. ‘ತಾವೂ’ ಎಂಬುದನ್ನು ಗಮನಿಸಿ. ನಮ್ಮ ಎಷ್ಟೋ ಸಭೆಗಳಲ್ಲಿ ಎಚ್.ಎಂ. ಉದ್ಘಾಟನೆ ಮಾಡಿ, ‘ಚೆನ್ನಾಗಿ ಕಲಿಯಿರಿ’ ಎಂದು ಹೇಳಿ ಆಫೀಸಿಗೆ ಹೋಗಿಬಿಡುತ್ತಾರೆ.

ಇಡೀ ಶಾಲೆ ಸೇರಿ ಒಂದು ಟರ್ಮ್‌ಗೆ ಒಂದೇ ಕೋರ್ಸ್ ಆರಿಸಿಕೊಳ್ಳಿ. ಶನಿವಾರ ಮಕ್ಕಳು ಮನೆಗೆ ಹೋದ ಮೇಲೆ ಅರ್ಧ ಗಂಟೆ ಅದರ ಬಗ್ಗೆ ಮಾತು. ಸೋಮವಾರ ತರಗತಿಯಲ್ಲಿ ಒಂದನ್ನು ಮಾಡಿ ನೋಡುವುದು. ನೆಟ್‌ವರ್ಕ್ ಇಲ್ಲದ ಕಡೆ ಸಾಗರಕ್ಕೋ ಹೊಸನಗರಕ್ಕೋ ಹೋದಾಗ ಡೌನ್‌ಲೋಡ್ ಮಾಡಿಕೊಂಡು ಬನ್ನಿ. ಪೂರ್ತಿ 50 ಗಂಟೆ ಹೀಗೆ ಆಗಲಾರದು, ಆದಷ್ಟು ಗಟ್ಟಿಯಾಗಿರಲಿ.

ಪ್ರಶ್ನೆ: ನಮ್ಮದು ಶರಾವತಿ ಹಿನ್ನೀರಿನ ಆಚೆಯ ಕಿರಿಯ ಪ್ರಾಥಮಿಕ ಶಾಲೆ. ಇಬ್ಬರೇ ಶಿಕ್ಷಕರು, ಅದರಲ್ಲಿ ನಾನು ಪ್ರಭಾರಿ ಮುಖ್ಯ ಶಿಕ್ಷಕ. ನನಗೇ ಬೆಂಬಲ ಇಲ್ಲ, ನಾನು ಇನ್ನೊಬ್ಬರಿಗೆ ಏನು ಕೊಡಲಿ?
— ಕರೂರು ಹೋಬಳಿ

ನೀವು ಹೇಳುವುದು ನೂರಕ್ಕೆ ನೂರು ಸರಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 60 ಮಕ್ಕಳ ತನಕ ಇಬ್ಬರು ಶಿಕ್ಷಕರು, ಒಂದರಿಂದ ಐದರ ಶಾಲೆಗೆ ಪ್ರತ್ಯೇಕ ಮುಖ್ಯ ಶಿಕ್ಷಕರು ಬೇಕಾದರೆ 150ಕ್ಕಿಂತ ಜಾಸ್ತಿ ಮಕ್ಕಳಿರಬೇಕು. ಮಲೆನಾಡಿನ ಒಂಟಿ ಮನೆಗಳ ಊರುಗಳಲ್ಲಿ 150 ಮಕ್ಕಳು ಎಲ್ಲಿಂದ ಬರಬೇಕು? ಹಾಗಾಗಿ ಇಲ್ಲಿನ ಎಷ್ಟೋ ಶಾಲೆಗಳಲ್ಲಿ ಎಚ್.ಎಂ. ಎಂದರೆ ಪಾಠವೂ ಮಾಡಿ, ಫೈಲೂ ಬರೆದು, ಗಂಟೆಯನ್ನೂ ಹೊಡೆಯುವವರು.

2025ರ ಜುಲೈ 14ರಿಂದ ನಿಮಗೆ ಸಿಗಂದೂರು ಸೇತುವೆ ಆಗಿದೆ. ಕೊನೆಯ ಲಾಂಚ್ ಎಷ್ಟು ಹೊತ್ತಿಗೆ ಎಂದು ನೋಡಿಕೊಂಡು ದಿನ ಮುಗಿಸಬೇಕಾದ ಕಾಲ ಹೋಯಿತು. ಅದರ ಲಾಭ ತೆಗೆದುಕೊಳ್ಳಿ. ಹತ್ತಿರದ ಮೂರು ನಾಲ್ಕು ಸಣ್ಣ ಶಾಲೆಗಳವರು ಸೇರಿ ತಿಂಗಳಿಗೆ ಒಂದು ಸಂಜೆ ಒಂದೊಂದು ಶಾಲೆಯಲ್ಲಿ ಕೂರಿ. ಅಜೆಂಡಾ ಬೇಡ, ನಡಾವಳಿ ಬೇಡ. ಪ್ರಶ್ನೆಪತ್ರಿಕೆ ಒಬ್ಬರು ತಯಾರಿಸಿ ಎಲ್ಲರಿಗೂ ಕೊಡಲಿ, ಬಿಸಿಯೂಟದ ತಿಂಗಳ ಲೆಕ್ಕಕ್ಕೆ ಒಂದು ನಮೂನೆ ಮಾಡಿಟ್ಟುಕೊಳ್ಳಿ. ಒಂದೇ ಕೆಲಸವನ್ನು ನಾಲ್ಕು ಕಡೆ ನಾಲ್ಕು ಜನ ಮಾಡುವುದು ತಪ್ಪುತ್ತದೆ.

ನಿಮ್ಮ ಜೊತೆಗಾರರಿಗೆ ನೀವು ಕೊಡಬಹುದಾದ ದೊಡ್ಡ ವಿಷಯ ಒಂದಿದೆ. ಅವರು ರಜೆ ಕೇಳಿದಾಗ ಮುಖ ಸಿಂಡರಿಸದೆ ಕೊಡುವುದು. ಇಬ್ಬರೇ ಇರುವ ಶಾಲೆಯಲ್ಲಿ ಒಬ್ಬರು ರಜೆ ಹಾಕಿದರೆ ಇನ್ನೊಬ್ಬರಿಗೆ ಐದು ತರಗತಿ, ಅದು ನನಗೆ ಗೊತ್ತು. ಆದರೆ ಜ್ವರ ಇಟ್ಟುಕೊಂಡು ಶಾಲೆಗೆ ಬರುವವರು ಹೆಚ್ಚು ದಿನ ಆ ಶಾಲೆಯಲ್ಲಿ ನಿಲ್ಲುವುದಿಲ್ಲ.

ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ಹಾಕಬಾರದು ಎನ್ನುತ್ತದೆ. ಹಾಗಿದ್ದೂ ಕೆಲಸಗಳು ಬರುತ್ತಲೇ ಇರುತ್ತವೆ. 2025ರ ಸೆಪ್ಟೆಂಬರ್ 22ರಿಂದ ನಡೆದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೂ ಮನೆ ಮನೆ ತಿರುಗಿದವರು ಶಿಕ್ಷಕರೇ. ಇಂಥ ಹೊತ್ತಿನಲ್ಲಿ ಎಚ್.ಎಂ.ಗಳು ಒಬ್ಬೊಬ್ಬರೇ ಮಾತಾಡಿದರೆ ಕೇಳುವವರಿಲ್ಲ. ಇಡೀ ಕ್ಲಸ್ಟರ್‌ನವರು ಸಹಿ ಹಾಕಿ, ಯಾವ ಶಾಲೆಯಲ್ಲಿ ಎಷ್ಟು ಪಾಠದ ದಿನ ಹೋಯಿತು ಎಂದು ದಿನಾಂಕದ ಸಮೇತ ಬರೆದು ಬಿಇಒಗೆ ಕೊಡಿ. ಸಿಟ್ಟಿನ ಮಾತು ಬೇಡ, ಲೆಕ್ಕ ಸಾಕು.

ಅತಿಥಿ ಶಿಕ್ಷಕರು ನಿಮ್ಮಲ್ಲಿದ್ದರೆ ಅವರನ್ನೂ ಮರೆಯಬೇಡಿ. ಶಾಲಾ ವರ್ಷಕ್ಕೆ ಸೇರಿ, ವರ್ಷ ಮುಗಿದ ಕೂಡಲೇ ಮನೆಗೆ ಹೋಗಿ, ಮತ್ತೆ ಕರೆಯುತ್ತಾರೋ ಇಲ್ಲವೋ ಎಂದು ಕಾಯುವವರು ಅವರು. ಸಭೆಗೆ ಕರೆಯಿರಿ, ಅನುಭವ ಪತ್ರ ಕೇಳಿದ ದಿನವೇ ಬರೆದುಕೊಡಿ, ಗೌರವಧನದ ಬಿಲ್ಲು ತಡಮಾಡಬೇಡಿ.

ಪ್ರಶ್ನೆ: ಹೆರಿಗೆ ರಜೆ ಮುಗಿಸಿ ಶಾಲೆಗೆ ಬಂದಿದ್ದೇನೆ. ಮಗುವಿಗೆ ಆರು ತಿಂಗಳು. ಎಚ್.ಎಂ. ಹತ್ತಿರ ಏನಾದರೂ ಕೇಳಿದರೆ ‘180 ದಿನ ರಜೆ ಮುಗಿಸಿ ಬಂದಿದ್ದೀರಲ್ಲ’ ಎನ್ನುತ್ತಾರೆ.
— ಸೊರಬ ತಾಲ್ಲೂಕು

ರಜೆ ನಿಮ್ಮ ಹಕ್ಕು, ಯಾರ ಉಪಕಾರವೂ ಅಲ್ಲ. ಮಗುವನ್ನು ನೋಡಿಕೊಳ್ಳುವವರು ಶಾಲೆಯ ಹತ್ತಿರ ಇದ್ದರೆ ಹಾಲುಣಿಸಲು ಬೆಳಿಗ್ಗೆ ಒಮ್ಮೆ, ಊಟದ ಬಿಡುವಿನಲ್ಲಿ ಒಮ್ಮೆ ಸಮಯ ಬೇಕು ಎಂದು ವೇಳಾಪಟ್ಟಿ ತೋರಿಸಿಯೇ ಕೇಳಿ. ಮೊದಲ ಅವಧಿ ಯಾರ ಜೊತೆ ಬದಲಿಸಿಕೊಳ್ಳಬಹುದು ಎಂದು ಮೊದಲೇ ಆ ಟೀಚರ್ ಹತ್ತಿರ ಮಾತಾಡಿಕೊಂಡು ಹೋದರೆ ಎಚ್.ಎಂ.ಗೆ ಒಪ್ಪುವುದು ಸುಲಭ. ಮಹಿಳಾ ನೌಕರರಿಗೆ ಶಿಶುಪಾಲನಾ ರಜೆಯೂ ಇದೆ, ಮಗುವಿಗೆ ಹುಷಾರಿಲ್ಲದ ದಿನಗಳಿಗೆ ಅದನ್ನು ಉಳಿಸಿಕೊಳ್ಳಿ. ಎಚ್.ಎಂ.ಗಳಿಗೆ ನನ್ನ ಮಾತು ಒಂದೇ. ಈ ಒಂದು ವರ್ಷ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ಬಿಟ್ಟುಕೊಡಿ, ಸಂಜೆಯ ಸಭೆ ಇಡಬೇಡಿ.

ಪ್ರಶ್ನೆ: ನಮ್ಮಲ್ಲಿ ಒಬ್ಬ ಹಿರಿಯ ಮೇಷ್ಟ್ರು ಇದ್ದಾರೆ. ನಿವೃತ್ತಿಗೆ ಎರಡು ವರ್ಷ ಇದೆ. ನಾನು ವಯಸ್ಸಿನಲ್ಲಿ ಅವರಿಗಿಂತ ಬಹಳ ಚಿಕ್ಕವನು. ಆನ್‌ಲೈನ್ ಕೆಲಸ ಬೇಡವೇ ಬೇಡ ಎನ್ನುತ್ತಾರೆ, ‘ಇನ್ನೆಷ್ಟು ದಿನ ಬಿಡಿ’ ಎನ್ನುತ್ತಾರೆ. ಹೇಗೆ ಮಾತಾಡಲಿ?
— ಮುಖ್ಯ ಶಿಕ್ಷಕ, ಶಿಕಾರಿಪುರ ತಾಲ್ಲೂಕು

ಅವರಿಂದ ಆನ್‌ಲೈನ್ ಕೆಲಸ ಮಾಡಿಸಲೇಬೇಕು ಎಂದು ಹಟ ಹಿಡಿಯಬೇಡಿ. ಅದನ್ನು ಮಾಡಲು ಬೇರೆಯವರಿದ್ದಾರೆ. ಆ ಊರಿನ ಅಪ್ಪ ಅಮ್ಮಂದಿರಿಗೇ ಅಕ್ಷರ ಕಲಿಸಿದವರು ಅವರಾಗಿರಬಹುದು. ಯಾವ ಮನೆಯಲ್ಲಿ ಕುಡಿತ ಇದೆ, ಯಾವ ಮಗು ಅಜ್ಜಿ ಮನೆಯಲ್ಲಿ ಬೆಳೆಯುತ್ತಿದೆ, ಯಾವ ಹುಡುಗಿಯ ಓದು ಏಳನೆಯದಕ್ಕೆ ನಿಲ್ಲುವ ಹಾಗಿದೆ, ಇದೆಲ್ಲ ಅವರಿಗೆ ಗೊತ್ತು. ಶಾಲೆ ಬಿಡುವ ಮಕ್ಕಳ ಮನೆಗೆ ಹೋಗುವಾಗ ಅವರ ಜೊತೆ ನೀವು ಹೋಗಿ. ಹೊಸ ಶಿಕ್ಷಕರು ಬಂದರೆ ಅವರ ಪಕ್ಕದಲ್ಲಿ ಕೂರಿಸಿ. ‘ಮೇಷ್ಟ್ರೇ, ಗುಣಾಕಾರ ನೀವು ಕಲಿಸುವ ಹಾಗೆ ನನಗೆ ಬರುವುದಿಲ್ಲ, ಇವರಿಗೆ ತೋರಿಸಿ’ ಎಂದು ಕೇಳಿ. ನಿಜವಾಗಿಯೂ ಹಾಗಿದ್ದರೆ ಮಾತ್ರ ಕೇಳಿ. ಸುಮ್ನೆ ಹೊಗಳಿದರೆ ಅವರಿಗೆ ತಕ್ಷಣ ಗೊತ್ತಾಗುತ್ತದೆ.

ಇದರ ಜೊತೆಗೆ ಒಂದು ದಿನ ಅವರ ಎಸ್.ಆರ್. ತರಿಸಿ ಇಬ್ಬರೂ ಕೂತು ನೋಡಿ. 10, 15, 20 ವರ್ಷ ತುಂಬಿದಾಗಿನ ವೇತನ ಬಡ್ತಿಗಳು ದಾಖಲಾಗಿವೆಯಾ, ಗಳಿಕೆ ರಜೆಯ ಲೆಕ್ಕ ಸರಿಯಿದೆಯಾ, ಹುಟ್ಟಿದ ದಿನಾಂಕ, ನಾಮನಿರ್ದೇಶನ ಸರಿಯಿದೆಯಾ? ಒಂದು ಸಹಿ ಬಿಟ್ಟುಹೋದರೂ 60 ತುಂಬಿದ ಮೇಲೆ ಅವರು ಕಚೇರಿಯಿಂದ ಕಚೇರಿಗೆ ಅಲೆಯಬೇಕು. ಎರಡು ವರ್ಷ ಮೊದಲೇ ನೋಡಿದರೆ ಸರಿಮಾಡಿಸಲು ಸಮಯ ಸಿಗುತ್ತದೆ. ‘ಇನ್ನೆಷ್ಟು ದಿನ ಬಿಡಿ’ ಎನ್ನುವವರ ಮನಸ್ಸಿನಲ್ಲಿ ಇಂಥ ಚಿಂತೆಗಳೇ ಇರುತ್ತವೆ, ಬಾಯಿ ಬಿಟ್ಟು ಹೇಳಿಕೊಳ್ಳುವುದಿಲ್ಲ ಅಷ್ಟೆ.

ಪ್ರಶ್ನೆ: ನಾನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷ. ನಮ್ಮೂರಿಗೆ ಬರುವ ಟೀಚರ್‌ಗಳೆಲ್ಲ ವರ್ಗಾವಣೆ ಸಿಕ್ಕ ಕೂಡಲೇ ಹೋಗುತ್ತಾರೆ. ಹೋಗುವವರಿಗೆ ಎಚ್.ಎಂ. ಇಷ್ಟೆಲ್ಲ ಮಾಡಿ ಏನು ಪ್ರಯೋಜನ?
— ಆಗುಂಬೆ ಹೋಬಳಿ

ಯಜಮಾನರೇ, ಅವರು ಮೂರು ವರ್ಷ ಇದ್ದರೂ ಅಷ್ಟರಲ್ಲಿ ನಿಮ್ಮೂರಿನ ಒಂದು ಮಗು ಒಂದನೇ ತರಗತಿಯಿಂದ ನಾಲ್ಕಕ್ಕೆ ಬಂದಿರುತ್ತದೆ. ಓದಲು ಕಲಿಯುವ ವರ್ಷಗಳೇ ಅವು. ಆ ಮಗುವಿಗೆ ಮತ್ತೆ ಆ ವಯಸ್ಸು ಬರುವುದಿಲ್ಲ.

ಅವರು ಹೋಗುವುದಕ್ಕೆ ಕಾರಣ ಏನು ಅಂತ ಯಾರಾದರೂ ಕೂರಿಸಿಕೊಂಡು ಕೇಳಿದ್ದೀರಾ? ಕೆಲವರು ಗಂಡನ ಊರು, ಅಪ್ಪ ಅಮ್ಮನ ಆರೋಗ್ಯ ಎಂದು ಹೋಗುತ್ತಾರೆ, ಅವರನ್ನು ಸಂತೋಷದಿಂದ ಕಳಿಸಿಕೊಡಿ. ಇನ್ನು ಕೆಲವರು ಇರಲು ಸರಿಯಾದ ಮನೆ ಇಲ್ಲದೆ, ಮಳೆಗಾಲದಲ್ಲಿ ದಿನಾ ಎರಡು ಬಸ್ ಬದಲಿಸಿ ಸುಸ್ತಾಗಿ ಹೋಗುತ್ತಾರೆ. ಇದನ್ನು ಎಚ್.ಎಂ. ಒಬ್ಬರಿಂದ ಸರಿಮಾಡಲು ಆಗುವುದಿಲ್ಲ, ನಿಮ್ಮಿಂದ ಆಗುತ್ತದೆ. ಊರಲ್ಲಿ ಖಾಲಿ ಬಿದ್ದ ಮನೆ ಇದ್ದರೆ ಆ ಮನೆಯವರ ಹತ್ತಿರ ಮಾತಾಡಿ, ಮೇ ತಿಂಗಳಲ್ಲಿ ಹೆಂಚು ಕೈಯಾಡಿಸಿ, ಒಂದು ಬಚ್ಚಲು, ಒಂದು ಗಟ್ಟಿ ಬಾಗಿಲು ಮಾಡಿಸಿ. ಬಾಡಿಗೆ ಟೀಚರೇ ಕೊಡುತ್ತಾರೆ. ಜೂನ್‌ನಲ್ಲಿ ಹೊಸಬರು ಬಂದು ಇಳಿಯುವ ಮೊದಲು ಆ ಮನೆ ತಯಾರಾಗಿರಲಿ.